ಇಂಗಿನ ಡಬ್ಬಿಯಲ್ಲಿದ್ದ ಗುಳಿಗೆ

ಕಳೆದ ಮೆಣಸಿನಕಾಯಿ ಸೀಜನ್ನಿನಲ್ಲಿ ನನ್ನ ತಂಗಿ ಸುಜಾತಾಳ ಕುತ್ತಿಗೆಯ ಮೇಲೆ ಕೆಂಪು ಗುಳ್ಳೆಗಳೆದ್ದವು. ಮರುದಿನ ಎದೆಗಿಳಿದವು. ಆಮೇಲೆ ಬೆನ್ನಿಗೆ.

ಬೇರೆ ಊರಾಗಿದ್ದರೆ ಯಾರಾದರೂ ಇದೇನು ಎಂದು ಕೇಳುತ್ತಿದ್ದರು. ನನ್ನ ತಂಗಿ ಇರುವುದು ಬ್ಯಾಡಗಿಯಲ್ಲಿ. ಅಲ್ಲಿ ಸೀನಿದರೆ ಖಾರ, ಕೆಮ್ಮಿದರೆ ಖಾರ, ಕಣ್ಣಲ್ಲಿ ನೀರು ಬಂದರೂ ಖಾರ. (ಸೊಸೆಯಂದಿರು ಯಾವ ಪ್ರಶ್ನೆಯೂ ಇಲ್ಲದೆ ನಿಶ್ಚಿಂತೆಯಾಗಿ ಅಳಬಹುದಾದ ಊರು ಇದೊಂದೇ ಇರಬೇಕು.) ಅವಳ ಗಂಡ ಮಹಾಂತೇಶನದು ಮೆಣಸಿನಕಾಯಿ ದಲಾಲಿ ಅಂಗಡಿ. ಇವಳು ಅಲ್ಲಿಯೇ ಕಂಪ್ಯೂಟರ್ ಮುಂದೆ ಕೂತು ಬಿಲ್ ಮಾಡುತ್ತಾಳೆ. ಇನ್ನೇನು ಬೇಕು?

“ಖಾರ ಹತ್ತೇತಿ, ಕೊಬ್ಬರಿ ಎಣ್ಣಿ ಹಚ್ಚು” ಎಂದರು ಅತ್ತೆ ಶಾಂತವ್ವ. ಓಣಿಯ ಉಳಿದವರು ಮಜ್ಜಿಗೆ ಎಂದರು, ಬೇವು ಎಂದರು. ಕಾರಣದ ಬಗ್ಗೆ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ನಮಗೆ ಗೊತ್ತಿದ್ದ ಒಂದು ಸಂಗತಿ ಅವರಿಗೆ ಗೊತ್ತಿರಲಿಲ್ಲ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸೀಜನ್ನಿಗೆ ಮೊದಲು ಸುಜಾತಾ ರಾಣೆಬೆನ್ನೂರಿಗೆ, ನಮ್ಮ ಮನೆಗೆ ಬಂದಿದ್ದಳು. ರೊಟ್ಟಿ ಬಡಿಯುತ್ತಿದ್ದವಳು ಇದ್ದಕ್ಕಿದ್ದಂತೆ ಸೆಟೆದುಕೊಂಡು ಬಿದ್ದಳು. ಕೈಕಾಲು ಅದುರುತ್ತಿದ್ದವು, ಬಾಯಲ್ಲಿ ನೊರೆ. ನಾನು ಅವಳನ್ನು ಪಕ್ಕಕ್ಕೆ ಹೊರಳಿಸಿ ತಲೆ ಹಿಡಿದುಕೊಂಡು ಕೂತೆ. ಪಕ್ಕದ ಮನೆಯಾಕೆ ಓಡಿಬಂದು ಅವಳ ಕೈಗೆ ಕಬ್ಬಿಣದ ಕೀಲಿಕೈ ತುರುಕಿದಳು. ಸ್ವಲ್ಪ ಹೊತ್ತಿಗೆ ಫಿಟ್ಸ್ ತಾನಾಗಿಯೇ ನಿಂತಿತು. ಹೆಸರು ಮಾತ್ರ ಕೀಲಿಕೈಗೆ ಬಂತು.

ಎಚ್ಚರವಾದ ಮೇಲೆ ಕೇಳಿದರೆ, ಹಿಂದೆ ಒಮ್ಮೆ ಬ್ಯಾಡಗಿಯ ಬಚ್ಚಲಮನೆಯಲ್ಲೂ ಹೀಗೇ ಬಿದ್ದಿದ್ದಳಂತೆ. ತಲೆ ತಿರುಗಿತು ಎಂದು ಹೇಳಿ ಸುಮ್ಮನಾಗಿದ್ದಳಂತೆ.

ಹುಬ್ಬಳ್ಳಿಯ ನರರೋಗ ತಜ್ಞರ ಹತ್ತಿರ ಹೋದೆವು. ಸುಜಾತಾ, ಮಹಾಂತೇಶ, ನಾನು ಮತ್ತು ನಮ್ಮ ಅವ್ವ. ಸ್ಕ್ಯಾನ್, ಇಇಜಿ ಎಲ್ಲ ಆಯಿತು. ಡಾಕ್ಟರು ಲ್ಯಾಮೊಟ್ರಿಜಿನ್ ಎಂಬ ಗುಳಿಗೆ ಬರೆದುಕೊಟ್ಟರು. ತಾಳ್ಮೆಯ ಮನುಷ್ಯ. ಎಲ್ಲವನ್ನೂ ಬಿಡಿಸಿ ಹೇಳಿದರು.

“ಇದನ್ನ ಸಣ್ಣ ಡೋಸಿನಿಂದ ಶುರು ಮಾಡಿ ಸಾವಕಾಶ ಏರಿಸಬೇಕ್ರಿ. ನಾ ಹೇಳಿದ್ದಕ್ಕಿಂತ ಲಗೂ ಏರಿಸಬ್ಯಾಡ್ರಿ. ತಪ್ಪಿಸಬ್ಯಾಡ್ರಿ. ಆರಾಮ ಅದೇನಿ ಅಂತ ನೀವ ಬಿಡಾಕ ಹೋಗಬ್ಯಾಡ್ರಿ, ಫಿಟ್ಸ್ ಜೋರ ಮಾಡಿ ಬರತಾವು. ಇನ್ನೊಂದು ಮಾತು. ಮೈಮ್ಯಾಲೆ ಗುಳ್ಳಿ ಎದ್ದರ, ಜ್ವರ ಬಂದ್ರ, ಬಾಯಾಗ ಹುಣ್ಣಾದ್ರ ಕಾಯಬ್ಯಾಡ್ರಿ. ಅವತ್ತ ಫೋನ್ ಮಾಡ್ರಿ. ಬ್ಯಾರೆ ಯಾವ ಡಾಕ್ಟರ್ ಕಡೆ ಹೋದ್ರೂ ಈ ಗುಳಿಗಿ ಹೆಸರು ಹೇಳ್ರಿ.”

ಪ್ರಶ್ನೆಗಳಿದ್ದರೆ ಕೇಳಿ ಎಂದರು. ಅವ್ವ ಕೇಳಿದಳು.

“ಗುಳಿಗಿ ಪಾಕೀಟಿನ ಮ್ಯಾಲೆ ಹೆಸರು ಇರತೈತಲ್ರಿ, ಅದನ್ನ ಒಗದು ಬರೇ ಗುಳಿಗಿ ಇಟ್ಟುಕೊಂಡ್ರ ನಡೀತೈತೇನ್ರಿ?”

“ಯಾಕ್ರಿ?”

ಅವ್ವನ ಚಿಂತೆ ನಮಗೆ ಗೊತ್ತಿತ್ತು. ಬೀಗರ ಮನೆಯಲ್ಲಿ ‘ಮೂರ್ಛೆ ರೋಗ’ ಎಂಬ ಮಾತು ಹುಟ್ಟಬಾರದು. ಮಹಾಂತೇಶನೂ ಹೌದೆಂದು ತಲೆಯಾಡಿಸಿದ. ಅವನಿಗೆ ಹೆಂಡತಿಯ ಮೇಲೆ ಪ್ರೀತಿಯಿದೆ, ತಾಯಿಯ ಬಗ್ಗೆ ಭಯವಿದೆ. ಎರಡೂ ಇರುವ ಗಂಡಸು ತಲೆಯಾಡಿಸದೆ ಇನ್ನೇನು ಮಾಡಿಯಾನು?

ಆ ಸಂಜೆಯೇ ಅವ್ವ ಗುಳಿಗೆಗಳನ್ನೆಲ್ಲ ಬಿಡಿಸಿ, ಖಾಲಿಯಾದ ಇಂಗಿನ ಡಬ್ಬಿಯೊಂದಕ್ಕೆ ತುಂಬಿದಳು. ನಾಮಕರಣವನ್ನೂ ಮಾಡಿದಳು: ಶಕ್ತಿ ಗುಳಿಗೆ.

ಮೂರ್ಛೆ ರೋಗದ ಗುಳಿಗೆಯಾದರೆ ಯಾರೂ ಮುಟ್ಟುವುದಿಲ್ಲ. ಶಕ್ತಿ ಗುಳಿಗೆಯಾದರೆ? ಶಾಂತವ್ವ ಸೊಸೆ ದಿನಾ ನುಂಗುವುದನ್ನು ನೋಡಿದರು. ಒಂದು ದಿನ ಕೈ ಚಾಚಿದರು.

“ನನಗೂ ಒಂದು ಕೊಡವಾ. ಮೊಣಕಾಲಾಗ ಶಕ್ತಿನ ಇಲ್ಲ.”

“ಅದು ವಯಸ್ಸಾದವರಿಗೆ ಅಲ್ರಿ ಅತ್ತಿ” ಎಂದು ಸುಜಾತಾ ಡಬ್ಬಿ ಹಿಂದಕ್ಕೆಳೆದಳು. ಎರಡು ದಿನ ಮನೆಯಲ್ಲಿ ಮಾತಿಲ್ಲ. ವಯಸ್ಸಾಗಿದೆ ಎಂದದ್ದು ಹೆಚ್ಚು ನೋಯಿಸಿತೋ, ಗುಳಿಗೆ ಕೊಡದಿದ್ದದ್ದೋ, ಗೊತ್ತಿಲ್ಲ.

ಹೀಗೆ ಗುಳಿಗೆ ಸಾಗಿತ್ತು. ಫಿಟ್ಸ್ ಬರಲಿಲ್ಲ. ಗುಳ್ಳೆ ಬಂದವು.

ಕೊಬ್ಬರಿ ಎಣ್ಣೆಗೆ ಜಗ್ಗದಿದ್ದಾಗ ಶಾಂತವ್ವನೇ ಸೊಸೆಯನ್ನು ಊರಿನ ಡಾಕ್ಟರ ಬಳಿ ಕರೆದೊಯ್ದರು. ಅವರು ಕೇಳಬೇಕಾದ್ದನ್ನೇ ಕೇಳಿದರು: “ಬ್ಯಾರೆ ಏನರ ಗುಳಿಗಿ ತಗೊಳ್ಳಾಕತ್ತೀರೇನ್ರಿ?” ಸುಜಾತಾ ಪಕ್ಕದಲ್ಲಿದ್ದ ಅತ್ತೆಯ ಮುಖ ನೋಡಿದಳು. “ಶಕ್ತಿ ಗುಳಿಗಿರಿ, ಅಷ್ಟ” ಎಂದಳು. ಅವರು ತುರಿಕೆಗೆ ಗುಳಿಗೆ ಕೊಟ್ಟು ಕಳಿಸಿದರು. ಅವರದೇನು ತಪ್ಪು? ರೋಗಿ ಹೇಳಿದ್ದಕ್ಕೆ ತಾನೇ ಡಾಕ್ಟರು ಔಷಧಿ ಕೊಡುವುದು.

ಮರುದಿನ ನಾನು ವರ್ಷದ ಖಾರಪುಡಿಗೆ ಮೆಣಸಿನಕಾಯಿ ಒಯ್ಯಲೆಂದು ಬ್ಯಾಡಗಿಗೆ ಬಂದೆ. ಸುಜಾತಾ ಬಾಗಿಲು ತೆಗೆದಳು. ಕಣ್ಣು ಕೆಂಪಗೆ, ತುಟಿ ಒಡೆದು ರಕ್ತ ಜಿನುಗುತ್ತಿತ್ತು. ಹಣೆ ಮುಟ್ಟಿದರೆ ಸುಡುತ್ತಿತ್ತು. ಚಹಾ ಬಾಯಿಗಿಟ್ಟವಳು ಮುಖ ಕಿವುಚಿ ಕೆಳಗಿಟ್ಟಳು. ಬಾಯಿ ತುಂಬ ಹುಣ್ಣು.

ಖಾರ ಹತ್ತಿದರೆ ಬಾಯಲ್ಲಿ ಹುಣ್ಣೇಳುತ್ತದೆಯೇ, ಜ್ವರ ಬರುತ್ತದೆಯೇ? ಹುಬ್ಬಳ್ಳಿಯ ಡಾಕ್ಟರ ಮಾತು ಆಗ ನೆನಪಾಯಿತು.

ಅಡುಗೆಮನೆಯಲ್ಲಿ ಅವಳೇ ಮೆಲ್ಲಗೆ ಬಾಯಿಬಿಟ್ಟಳು. “ಅಕ್ಕಾ, ನನಗೂ ಡೌಟ್ ಬಂದೈತಿ. ಬಿಟ್ಟರ ಫಿಟ್ಸ್ ಬರತಾವು ಅಂದಾರ. ತಗೊಂಡ್ರ ಹಿಂಗ ಆಗಾಕತ್ತೇತಿ. ಇವತ್ತ ಸಂಜೀದು ತಗೊಳ್ಳಲೋ ಬ್ಯಾಡೋ?”

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ಜೀವನದಲ್ಲಿ ಯಾವ ಪ್ರಶ್ನೆಗೂ ‘ಗೊತ್ತಿಲ್ಲ’ ಎಂದವಳಲ್ಲ. ಅವತ್ತು ಅಂದೆ. ಹಿತ್ತಲಿಗೆ ಹೋಗಿ ಹುಬ್ಬಳ್ಳಿಗೆ ಫೋನ್ ಮಾಡಿದೆ.

ಒಳಗೆ ಶಾಂತವ್ವ ಇದ್ದರಲ್ಲ, ಪಿಸುಗುಟ್ಟಿದೆ. ಪಿಸುಮಾತು ದಾಟಿಸುವಂಥ ನೆಟ್‌ವರ್ಕ್ ಅಲ್ಲಿರಲಿಲ್ಲ.

“ಕೇಳವಲ್ದು. ಯಾವ ಗುಳಿಗಿ?” ಎಂದರು ಡಾಕ್ಟರು.

ಮತ್ತೆ ಪಿಸುಗುಟ್ಟಿದೆ.

“ಜೋರ ಹೇಳ್ರಿ. ಯಾತರ ಗುಳಿಗಿ?”

“ಫಿಟ್ಸ್ ಗುಳಿಗಿ ರಿ. ನಮ್ಮ ಸುಜಾತಾ ತಗೊಳ್ಳೋ ಫಿಟ್ಸ್ ಗುಳಿಗಿ” ಎಂದು ಕೂಗಿದೆ. ಆಚೆ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಕೆ ಕೈ ನಿಲ್ಲಿಸಿದಳು.

ಅತ್ತಲಿಂದ ಒಂದೊಂದೇ ಮಾತು ಬಂತು. ಈಗಿಂದೀಗ ಆಸ್ಪತ್ರೆಗೆ ಕರೆತನ್ನಿ. ಇನ್ನೊಂದು ಗುಳಿಗೆ ಕೊಡಬೇಡಿ. ಆದರೆ ಗುಳಿಗೆ ಬಿಟ್ಟು ಮನೆಯಲ್ಲೇ ಕೂರಲೂಬೇಡಿ, ಫಿಟ್ಸ್ ಬರದಂತೆ ಇಲ್ಲಿ ಬೇರೆಯದು ಶುರು ಮಾಡುತ್ತೇವೆ. ನುಂಗುತ್ತಿರುವುದನ್ನೆಲ್ಲ ಜೊತೆಗೆ ತನ್ನಿ.

ತಿರುಗಿದರೆ ಹಿತ್ತಲ ಬಾಗಿಲಲ್ಲಿ ಶಾಂತವ್ವ ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ. ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

“ಮಾಂತೇಶಗ ಫೋನ್ ಹಚ್ಚು, ಕಾರು ತರಲಿ” ಎಂದರು ನನಗೆ. ಸೊಸೆಗೆ, “ಶಾಲು ಹೊದ್ದುಕೋ.” ಅಷ್ಟೇ.

ಕಾರಿನಲ್ಲಿ ಸುಜಾತಾಳ ತಲೆ ಅತ್ತೆಯ ತೊಡೆಯ ಮೇಲಿತ್ತು. ಹಾವೇರಿ ದಾಟಿದ ಮೇಲೆ ಶಾಂತವ್ವ ಮುಂದಿನ ಸೀಟಿನಲ್ಲಿದ್ದ ಮಗನನ್ನು ಕೇಳಿದರು.

“ನಿನಗ ಗೊತ್ತಿತ್ತೇನೋ?”

“ಹೂಂ ಅವ್ವಾ.”

“ನಾ ಒಂದು ಗುಳಿಗಿ ಕೇಳಿದ್ನಲ್ಲ, ಆಕಿ ಕೊಟ್ಟಿದ್ರ ನುಂಗತಿದ್ನಿ. ಆಗರ ಹೇಳತಿದ್ದೇನು?”

ಮಹಾಂತೇಶ ರಸ್ತೆ ನೋಡುತ್ತ ಕೂತ. (ಹೆದ್ದಾರಿಯನ್ನು ಅಷ್ಟು ಗಮನವಿಟ್ಟು ನೋಡಿದವರನ್ನು ನಾನು ಕಂಡಿಲ್ಲ. ಕಾರು ಓಡಿಸುತ್ತಿದ್ದವನು ಡ್ರೈವರ್.)

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿದ ಕೂಡಲೇ ಅಡ್ಮಿಟ್ ಮಾಡಿಕೊಂಡರು. ಇದು ಗುಳಿಗೆಯಿಂದಲೇ ಆದದ್ದು, ಅಪರೂಪ, ಆದರೆ ತಡಮಾಡಿದ್ದರೆ ಚರ್ಮವೇ ಸುಲಿದು ಜೀವಕ್ಕೇ ಕುತ್ತು ಬರುತ್ತಿತ್ತು ಎಂದರು. ಹಾಗೆ ಹೇಳುವಾಗ ಅವರ ನೋಟ ಅವ್ವನ ಇಂಗಿನ ಡಬ್ಬಿಯ ಮೇಲಿತ್ತು. ಮೂಸಿ ನೋಡಿ ಪಕ್ಕಕ್ಕಿಟ್ಟರು. ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಕೆಲವು ದಿನ ಅವಳು ಬರೀ ಸಲೈನಿನ ಮೇಲಿದ್ದಳು. ಶಾಂತವ್ವ ಮಂಚ ಬಿಟ್ಟು ಕದಲಲಿಲ್ಲ. ನಿಧಾನಕ್ಕೆ ಹುಣ್ಣು ಮಾಯ್ದವು, ಜ್ವರ ಇಳಿಯಿತು. ಮೊದಲ ತುತ್ತು ಅನ್ನ ತಿಂದಾಗ ನಮ್ಮ ಅವ್ವ ಅತ್ತಳು. ಅಲ್ಲಿ ಖಾರದ ನೆಪವೂ ಇರಲಿಲ್ಲ.

ಡಿಸ್‌ಚಾರ್ಜ್ ದಿನ ಡಾಕ್ಟರು ಹೊಸ ಗುಳಿಗೆಯ ಬಗ್ಗೆ ಹೇಳಿದರು. ಹಳೆಯದನ್ನು ಇನ್ನೆಂದೂ ಮುಟ್ಟುವಂತಿಲ್ಲ, ಯಾವ ಡಾಕ್ಟರಿಗೂ ಅದನ್ನು ಹೇಳದೆ ಇರುವಂತಿಲ್ಲ. ಹೊಸದರಿಂದ ಕೆಲವರಿಗೆ ನಿದ್ದೆ ಬರುತ್ತದೆ, ಕೆಲವರಿಗೆ ಸಿಟ್ಟು ಹೆಚ್ಚುತ್ತದೆ, ಕೆಲವರ ಮನಸ್ಸು ಕುಗ್ಗಿ ಬದುಕೇ ಬೇಡ ಅನ್ನಿಸುತ್ತದೆ. ಹಾಗಾದರೆ ಮುಚ್ಚಿಡದೆ ತಕ್ಷಣ ತಿಳಿಸಬೇಕು.

“ಸಿಟ್ಟು ಬಂದ್ರ ಯಾರ ಮ್ಯಾಲೆ ಬರತೈತ್ರಿ?” ಶಾಂತವ್ವ ಕೇಳಿದರು.

“ಹತ್ತಿರ ಇದ್ದವರ ಮ್ಯಾಲೆರಿ.”

“ಬರಲಿ ತಗೋರಿ” ಎಂದರು ಅವರು. “ಹತ್ತಿರ ನಾನ ಇರತೇನಲ್ಲ.”

ಈಗ ಹೊಸ ಗುಳಿಗೆ ಅದರ ಪಾಕೀಟಿನಲ್ಲೇ, ಹೆಸರಿನ ಸಮೇತ, ದೇವರ ಕೋಣೆಯ ಪಕ್ಕದ ಶೆಲ್ಫಿನಲ್ಲಿದೆ. ಹೊತ್ತಾದರೆ ಶಾಂತವ್ವ ನೀರು ಹಿಡಿದು ನಿಲ್ಲುತ್ತಾರೆ. ಬಂದವರು ಕೇಳಿದರೆ, “ಫಿಟ್ಸ್ ಗುಳಿಗಿ. ನಮ್ಮ ಸೊಸಿದು” ಎನ್ನುತ್ತಾರೆ, ಬಿ.ಪಿ. ಗುಳಿಗೆ ಎಂದಷ್ಟೇ ಸಲೀಸಾಗಿ. ಸೊಸೆಗೆ ಸಿಟ್ಟೇನೂ ಬಂದಿಲ್ಲ. ಸ್ವಲ್ಪ ನಿದ್ದೆ ಹೆಚ್ಚಾಗಿದೆ, ಅದನ್ನೂ ಡಾಕ್ಟರಿಗೆ ತಿಳಿಸಿದ್ದಾರೆ.

ಕಳೆದ ವಾರ ನಾನು ಹೋದಾಗ ಆಚೆ ಮನೆಯಾಕೆ ಬಂದು ಕೂತಿದ್ದಳು. ಅವಳ ಮಗಳನ್ನು ಗುತ್ತಲಕ್ಕೆ ಕೊಟ್ಟಿದೆ. ಹೇಳಲೋ ಬೇಡವೋ ಎನ್ನುತ್ತ ಕೊನೆಗೆ ದನಿ ತಗ್ಗಿಸಿದಳು. ಮಗಳೂ ಇಂಥದೇ ಗುಳಿಗೆ ನುಂಗುತ್ತಾಳಂತೆ. ನುಂಗಿದರೆ ತಲೆ ಸುತ್ತಿ ಒಂದು ಎರಡಾಗಿ ಕಾಣುತ್ತದಂತೆ. ಅದಕ್ಕೆ ತಾನೇ ಅರ್ಧ ಮುರಿದು ತೆಗೆದುಕೊಳ್ಳುತ್ತಾಳಂತೆ.

“ನಿಮ್ಮ ಮುಂದ ಅಷ್ಟ ಹೇಳೇನಿ ನೋಡ್ರಿ. ಯಾರಿಗೂ ಹೇಳಬ್ಯಾಡ್ರಿ” ಎಂದಳು.

ಶಾಂತವ್ವ ಅವಳನ್ನೇ ನೋಡಿದರು.

“ಡಾಕ್ಟರಿಗೂ ಬ್ಯಾಡೇನು?”