ಮಾವನ ಸೀಟಿನ ಹಿಂದೆ ಒಂದು ವೂಫರ್

ಹಾಸಿಗೆ ಅಂಗಡಿಯ ಪಿಕಪ್ ಓಡಿಸುವವನನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಉದ್ದಕ್ಕೆ ಬೆಳೆಯುವ ಅವಸರದಲ್ಲಿ ಅಡ್ಡಕ್ಕೆ ಬೆಳೆಯುವುದನ್ನು ಮರೆತ ಮೈ ಅವನದು. ಬಾಗಿಲು ತೆಗೆದರೆ ಮೊದಲು ಎರಡು ಮಂಡಿ ಹೊರಬರುತ್ತಿದ್ದವು, ಸ್ವಲ್ಪ ಹೊತ್ತಾದ ಮೇಲೆ ಕಡ್ಡಿ.

ಪಕ್ಕದ ಸೀಟು ಮಾವನದು. ಮಾವ ಎಂದರೆ ಕಡ್ಡಿಯ ತಾಯಿಯ ಸ್ವಂತ ತಮ್ಮ, ಹಾಸಿಗೆ ಹೊತ್ತೇ ತಲೆ ನರೆತ ಮನುಷ್ಯ. ಊರಿನ ಅರ್ಧ ಜನ ಅವರು ಹೊತ್ತು ತಂದ ಹಾಸಿಗೆಯ ಮೇಲೆ ಸುಖವಾಗಿ ಮಲಗುತ್ತಿದ್ದರು. ಅವರಿಗೆ ಮಾತ್ರ ಬೆನ್ನುನೋವು, ಯಾವ ಹಾಸಿಗೆಯೂ ಹಿಡಿಸುತ್ತಿರಲಿಲ್ಲ. ಇಡೀ ಪ್ರಪಂಚದಲ್ಲಿ ಆ ಬೆನ್ನು ಒಪ್ಪಿಕೊಂಡಿದ್ದ ಜಾಗ ಒಂದೇ. ಪಿಕಪ್ಪಿನ ಆ ಸೀಟನ್ನು ಹಿಂದಕ್ಕೆ ಬಾಗಿಸಿ, ಸೊಂಟದ ಹಿಂದೆ ಒಂದು ಸುತ್ತಿದ ದಿಂಬು ಇಟ್ಟುಕೊಂಡು ಒರಗಿದರೆ ಮುಂದಿನ ತಿರುವು ಬರುವುದರೊಳಗೆ ಗೊರಕೆ ಶುರು.

ಕೆಲಸ ಕಲಿಸಿದವರು ಮಾವನೇ. ಎಂಥ ದೊಡ್ಡ ಹಾಸಿಗೆಯನ್ನೂ ಎಂಥ ಸಣ್ಣ ಬಾಗಿಲಿನಿಂದಲೂ ತೂರಿಸುವ ವಿದ್ಯೆ ಅವರ ಕೈಯಲ್ಲಿತ್ತು. ಗಿರಾಕಿ "ಅಯ್ಯೋ, ಇದು ಒಳಗೆ ಹೋಗಲ್ಲ" ಎಂದು ತಲೆ ಮೇಲೆ ಕೈ ಹೊತ್ತರೆ ಮಾವ ಭುಜ ಕೊಟ್ಟು, "ಒತ್ತಿದ್ರೆ ಹೋಗುತ್ತೆ" ಎನ್ನುವರು. ಹೋಗುತ್ತಿತ್ತು. ಕಡ್ಡಿಗೆ ಈ ಮಾತು ಎಷ್ಟು ಮೈಗೂಡಿತ್ತೆಂದರೆ, ಜಗತ್ತಿನ ಸಕಲ ವಸ್ತುಗಳೂ ಸ್ಪಂಜಿನಿಂದಲೇ ಆಗಿವೆ ಎಂದು ಅವನು ನಂಬಿಬಿಟ್ಟಿದ್ದ. ಇಲ್ಲಿಂದಲೇ ಎಡವಟ್ಟು ಆರಂಭ.

ಕಡ್ಡಿಗೆ ಹಾಡಿನ ಹುಚ್ಚು. ಆದರೆ ಪಿಕಪ್ಪಿನ ಬಾಗಿಲಲ್ಲಿದ್ದ ಸ್ಪೀಕರುಗಳು ಡಬ್ಬದೊಳಗೆ ಸಿಕ್ಕಿದ ಸೊಳ್ಳೆಯ ಹಾಗೆ ಹಾಡುತ್ತಿದ್ದವು. ಅದರ ಮೇಲೆ ಮಾವನ ಗೊರಕೆ. ಪಲ್ಲವಿ ಕೇಳಿಸಿದರೆ ಚರಣ ಕೇಳಿಸದು. ಹೀಗಿರುವಾಗ ಅವನ ಅಕ್ಕನ ಗಂಡ ಕಾರಿಗೆ ಎದೆಗೆ ಗುದ್ದುವ ದಪ್ಪ ಸ್ಪೀಕರು, ಹೊಸದೊಂದು ವೂಫರ್ ಹಾಕಿಸಿ, ಹಳೆಯದನ್ನು ಕಿತ್ತು ಇವನ ಕೈಗಿಟ್ಟರು.

"ತಗೋ. ಇದು ಹೊಡೆದ್ರೆ ಪಕ್ಕೆಲುಬು ಲೆಕ್ಕ ಹಾಕಬಹುದು. ನಿನಗಂತೂ ಈಗಲೇ ಹಾಕಬಹುದು, ಅದು ಬೇರೆ ವಿಷಯ."

"ಎಲ್ಲಿ ಇಡೋದು ಭಾವ? ನಮ್ಮ ಗಾಡೀಲಿ ನಾವಿಬ್ಬರು ಉಸಿರಾಡೋಕೇ ಸರದಿ."

"ವೈರು ನಾನು ಎಳೀತೀನಿ. ಜಾಗ ನೀನು ಹುಡುಕ್ಕೋ."

ಅಂಗಡಿ ಯಜಮಾನರು ಒಂದೇ ಷರತ್ತು ಹಾಕಿದರು: ಗಾಡಿಯ ಮೈಗೆ ತೂತು ಕೊರೆಯಬಾರದು. ಕಡ್ಡಿ ಮೊದಲು ಹಿಂದೆ, ಸಾಮಾನು ತುಂಬುವಲ್ಲಿ ಇಟ್ಟು ನೋಡಿದ. ಸುತ್ತ ಹಾಸಿಗೆ ಏರಿಸಿದ ಮೇಲೆ ಅದರ ಸದ್ದು ಹಾಸಿಗೆಗಳ ಹೊಟ್ಟೆ ಸೇರಿತು, ಒಂದು ಬಿಕ್ಕಳಿಕೆಯೂ ಆಚೆ ಬರಲಿಲ್ಲ. ಸೀಟಿನ ಕೆಳಗೆ ನಾಲ್ಕು ಬೆರಳು ಜಾಗ; ಅದೂ ಜಾಕಿನ ಪಾಲು. ಕೊನೆಗೆ ಉಳಿದದ್ದು ಮಾವನ ಸೀಟಿನ ಹಿಂದಿನ ಸಂದು. ಹಗ್ಗದ ಸುರುಳಿ ಮತ್ತು ಮಾವನ ದಿಂಬು ಇರುತ್ತಿದ್ದ ಜಾಗ. ಮಾವ ಇಲ್ಲದ ಹೊತ್ತು ನೋಡಿ ಕಡ್ಡಿ ಅಲ್ಲಿಗೆ ಟೇಪು ಹಿಡಿದ. ಆ ಅಳತೆ ತೆಗೆದುಕೊಂಡು ಬಡಗಿಯ ಹತ್ತಿರ ಹೋದ.

ಬಡಗಿ ವೂಫರನ್ನು ತಿರುಗಿಸಿ ನೋಡಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆದ. "ಇದಕ್ಕೆ ಪೆಟ್ಟಿಗೆ ಒಳಗೆ ಗಾಳಿ ಬೇಕಪ್ಪ. ನೀನು ಹೇಳೋ ಸಂದಿಗಿಂತ ಎರಡು ಬೆರಳು ದಪ್ಪ ಬರುತ್ತೆ."

"ಮಾಡಿ ಅಣ್ಣ. ಒತ್ತಿದ್ರೆ ಹೋಗುತ್ತೆ."

"ಇದು ಮರ ಕಣೋ."

"ಎರಡೇ ಬೆರಳಲ್ವಾ?"

ಬಡಗಿ ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿದ. ಗರಗಸ ಕೈಗೆತ್ತಿಕೊಂಡ. ತಿಳಿಹೇಳುವುದಕ್ಕೆ ಕೂಲಿ ಇಲ್ಲ, ಕೊಯ್ಯುವುದಕ್ಕೆ ಇದೆ.

ಪೆಟ್ಟಿಗೆ ಬಂತು. ಕಡ್ಡಿಯೂ ಭಾವನೂ ಸೇರಿ ಮಾವನ ಸೀಟಿನ ಹಿಂದೆ ಅದನ್ನು ನಿಲ್ಲಿಸಿ, ಭುಜ ಕೊಟ್ಟು ಒತ್ತಿದರು. ಹೋಯಿತು! ಕಡ್ಡಿ ಗೆದ್ದ ಹುಮ್ಮಸ್ಸಿನಲ್ಲಿ ಕೈ ಒರೆಸಿಕೊಂಡ. ಪೆಟ್ಟಿಗೆ ಒಂದು ನೂಲಿನಷ್ಟೂ ಕುಗ್ಗಿರಲಿಲ್ಲ. ಕುಗ್ಗಿದ್ದು ಮಾವನ ಜಾಗ. ಸೀಟು ಮುಂದಕ್ಕೆ ಜರುಗಿ, ಅದರ ಬೆನ್ನು ಗೋಡೆಯಂತೆ ನೆಟ್ಟಗೆ ಎದ್ದು ನಿಂತಿತ್ತು. ಒರಗುವ ಮಾತು ಹಾಗಿರಲಿ, ದಿಂಬಿಗೂ ಎಡೆ ಉಳಿದಿರಲಿಲ್ಲ.

ಬೆಳಿಗ್ಗೆ ಮಾವ ಹತ್ತಿ ಕೂತರು. ಮಂಡಿ ಡ್ಯಾಶ್‌ಬೋರ್ಡಿಗೆ ತಾಗಿತು, ಮೂಗು ಗಾಜಿನ ಹತ್ತಿರ ಹೋಯಿತು. ದಿಂಬನ್ನು ಎಲ್ಲಿಡಬೇಕೆಂದು ತಿಳಿಯದೆ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡರು.

"ಹೇಗಿದೆ ಮಾವ?"

"ಚೆನ್ನಾಗಿದೆಯಪ್ಪ. ಪರೀಕ್ಷೆಗೆ ಕೂತ ಹಾಗಿದೆ."

"ಹಾಡು ಹಾಕ್ಲಾ?"

"ಹಾಕು. ಪರೀಕ್ಷೆ ಅಂದ್ಮೇಲೆ ಗಂಟೆ ಹೊಡೀಬೇಕಲ್ಲ."

ಧುಮ್ಮೆಂದಿತು. ಮೊದಲ ಏಟಿಗೆ ಮಾವನ ಕನ್ನಡಕ ಮೂಗಿನ ತುದಿಗೆ ಬಂತು. ಎರಡನೆಯದಕ್ಕೆ ದಿಂಬಿನ ಮೇಲೆ ಬಿತ್ತು. ಕಡ್ಡಿಯ ಪಕ್ಕೆಲುಬುಗಳೊಳಗೆ ಯಾರೋ ಹೊಸದಾಗಿ ಒಕ್ಕಲು ಬಂದು ಬಾಗಿಲು ಬಡಿದಂತಿತ್ತು. ಕಣ್ಣಲ್ಲಿ ನೀರು ಬರುವಷ್ಟು ಖುಷಿ. ಪಕ್ಕದ ಮನುಷ್ಯ ತುಟಿ ಕಚ್ಚಿಕೊಂಡಿರುವುದನ್ನು ಅವನು ಹಾಡು ಸವಿಯುವುದೆಂದು ತಿಳಿದ.

ಅಂಥ ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಮಾವ ಬಂದವರು ನೇರವಾಗಿ ಅಂಗಡಿಯ ಇನ್ನೊಂದು ಗಾಡಿಗೆ ಹತ್ತಿದರು.

"ಮಾವ, ನಮ್ಮ ಗಾಡಿ ಇಲ್ಲಿದೆ!"

"ಇವತ್ತು ಆ ಕಡೆ ಮೆಟ್ಟಿಲು ಜಾಸ್ತಿಯಂತೆ. ಹೋಗಿ ಬರ್ತೀನಿ ಬಿಡು."

ಆ ಗಾಡಿಯಲ್ಲಿದ್ದ ಹಮಾಲಿ ಕಡ್ಡಿಯ ಪಾಲಿಗೆ ಬಂದ. ಅವನ ಹೆಸರು ಯಾರಿಗೂ ನೆನಪಿರಲಿಲ್ಲ, ಎಲ್ಲರಿಗೂ ಅವನು ಆಕಳಿಕೆ. ಕೂತರೂ ಆಕಳಿಸುವನು, ನಿಂತರೂ ಆಕಳಿಸುವನು, ನೋಡಿದವರನ್ನೂ ಆಕಳಿಸುವಂತೆ ಮಾಡುವನು. ವೂಫರ್ ಎಷ್ಟೇ ಗುದ್ದಿದರೂ ಅವನು ನೆಟ್ಟಗೆ ಕೂತೇ, ಸದ್ದಿಲ್ಲದೆ, ಕಲ್ಲಿನಂತೆ ನಿದ್ದೆ ಹೋದ. ಗೊರಕೆ ಇಲ್ಲ. ಹಾಡು ಪೂರ್ತಿ ಕೇಳಿಸುತ್ತಿತ್ತು, ಪಲ್ಲವಿ, ಚರಣ ಎಲ್ಲ. ಯಾಕೋ ಕಡ್ಡಿಗೆ ರುಚಿಸಲಿಲ್ಲ.

ಮೊದಲ ಮನೆಯಲ್ಲೇ ಗ್ರಹಚಾರ ಕಾದಿತ್ತು. ದೊಡ್ಡ ಜೋಡಿ ಹಾಸಿಗೆ, ಕಿರಿದಾದ ಮೆಟ್ಟಿಲು, ಮಧ್ಯೆ ಒಂದು ತಿರುವು. ಮಾವನಿದ್ದಿದ್ದರೆ ಕೆಳಗಿನಿಂದ "ಎತ್ತು... ಮಡಚು... ಉಸಿರು ಬಿಡು... ಈಗ ತಿರುಗಿಸು" ಎನ್ನುತ್ತಿದ್ದರು, ಹಾಸಿಗೆಯೂ ಉಸಿರು ಬಿಟ್ಟು ತಿರುಗುತ್ತಿತ್ತು. ಆಕಳಿಕೆ ಮಡಚಬೇಕಾದಾಗ ಎತ್ತಿದ, ಎತ್ತಬೇಕಾದಾಗ ಆಕಳಿಸಿದ. ಹಾಸಿಗೆ ತಿರುವಿನಲ್ಲಿ ಬಾಟಲಿಗೆ ಬಿರಡೆಯಂತೆ ಕೂತುಬಿಟ್ಟಿತು. ಮೇಲಿನಿಂದ ಒಬ್ಬ ಅಜ್ಜಿಯ ದನಿ ಬಂತು.

"ಯಾರಪ್ಪಾ ಅದು? ನಾನು ಕೆಳಗೆ ಬರೋದು ಹೇಗೆ?"

"ಹಾಸಿಗೆ ನಿಮ್ಮ ಹತ್ರಾನೇ ಇದೆಯಲ್ಲಜ್ಜಿ," ಎಂದ ಆಕಳಿಕೆ. "ಅಲ್ಲಿವರೆಗೂ ಒಂದು ನಿದ್ದೆ ತೆಗೀರಿ."

"ನಿನ್ನ ನಿದ್ದೆಗಿಷ್ಟು! ನನಗೆ ಡಾಕ್ಟರ ಹತ್ರ ಹೋಗೋದಿದೆ!"

ಅಜ್ಜಿ ಆ ಕಡೆಯಿಂದ ಊರುಗೋಲಿನಲ್ಲಿ ತಿವಿದರು. ಕಡ್ಡಿ ಈ ಕಡೆಯಿಂದ ಒತ್ತಿದ. ಒತ್ತಿದರೂ ಹೋಗಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿ ಆ ಮಾತು ಸುಳ್ಳಾಗಿತ್ತು. ಕೊನೆಗೆ ಹಾಸಿಗೆ ಹೊರಬಂದದ್ದು ಅಜ್ಜಿಯ ತಿವಿತದಿಂದಲೇ, ಅದೂ ಕೆಳಮುಖವಾಗಿ, ಕಡ್ಡಿಯನ್ನು ಅಡಿಗೆ ಹಾಕಿಕೊಂಡು. ಪೆಟ್ಟಾಗಲಿಲ್ಲ. ಒಳ್ಳೆಯ ಹಾಸಿಗೆ.

ಸಂಜೆ ಅಂಗಡಿಯಲ್ಲಿ ಯಜಮಾನರು ಕರೆದರು. "ನಿಮ್ಮ ಮಾವ ಇನ್ನು ಕಾಯಂ ಆ ಗಾಡಿಗೇ ಹೋಗ್ತೀನಿ ಅಂತಿದಾರೆ. ಸೋಮವಾರದಿಂದ ಹಾಗೇ ಮಾಡಿಬಿಡ್ಲಾ?"

"ನನ್ನ ಮೇಲೆ ಕೋಪಾನಾ ಸಾರ್?"

"ಕೋಪ ಎಲ್ಲಿಂದ ಬಂತು? ಬೆನ್ನು ತಡೀತಿಲ್ಲವಂತೆ. ಪೆಟ್ಟಿಗೆ ತೆಗೆಸೋಣ ಅಂದೆ, ಬೇಡ ಅಂದ್ರು. ಹುಡುಗ ಆಸೆಪಟ್ಟು ಹಾಕಿಸಿದಾನೆ, ನಾನು ಎದ್ದು ಹೋದ್ರೆ ಇಬ್ಬರಿಗೂ ಆರಾಮ ಅಂದ್ರು."

ಬೈದಿದ್ದರೆ ಕಡ್ಡಿ ವಾದ ಮಾಡುತ್ತಿದ್ದ. ವಾದದಲ್ಲಿ ಅವನು ಗಟ್ಟಿಗ. ಬೈದಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮನೆಯ ದಾರಿ ಹಿಡಿದ.

ಮನೆಗೆ ಹೋದರೆ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ತಾಯಿ ಬಟ್ಟೆ ಮಡಚುತ್ತಿದ್ದರು. ಒಂದೊಂದು ಮಡಿಕೆಗೂ ಒಂದೊಂದು ಮಾತು.

"ನನ್ನ ತಮ್ಮನ ಬೆನ್ನಿಗೆ ಹಲಗೆ ಹೊಡೆಸಿದೆಯಂತೆ."

"ಹಲಗೆ ಅಲ್ಲಮ್ಮ, ವೂಫರ್."

"ಸೈಕಲ್ ಮೇಲಿಂದ ಬೀಳ್ತಾ ಇದ್ದವನನ್ನ ಎತ್ತಿ ಎತ್ತಿ ಕೂರಿಸಿ ಗಾಡಿ ಕಲಿಸಿದವನು ಅವನು. ಈಗ ಅವನೇ ನಿನಗೆ ಅಡ್ಡ ಆದ."

"ಅಡ್ಡ ಅಂತ ಯಾರು ಹೇಳಿದ್ರು? ಹಾಡು ಕೇಳ್ಬೇಕು ಅಂತ ಅಷ್ಟೇ."

"ಹಾಗಾದ್ರೆ ನಿನ್ನ ಬೆನ್ನಿಗೇ ಇಟ್ಕೊಂಡು ಕೇಳೋ!"

ತಾಯಿ ಬೈದದ್ದು. ಕಡ್ಡಿಗೆ ಅದು ಉಪಾಯವಾಗಿ ಕೇಳಿಸಿತು.

ಭಾನುವಾರ ಭಾವನನ್ನು ಎಳೆದುಕೊಂಡು ಅಂಗಡಿಯ ಅಂಗಳಕ್ಕೆ ಹೋದ. ಪೆಟ್ಟಿಗೆಯನ್ನು ಮಾವನ ಕಡೆಯಿಂದ ಕಿತ್ತು, ತನ್ನ ಸೀಟಿನ ಹಿಂದೆ ತುರುಕಿ ಒತ್ತಿದರು. ಹೋಯಿತು. ಮಾವನ ಸೀಟು ನಿಟ್ಟುಸಿರು ಬಿಟ್ಟ ಹಾಗೆ ಹಿಂದಕ್ಕೆ ಒರಗಿತು. ಕಡ್ಡಿ ತನ್ನ ಜಾಗದಲ್ಲಿ ಕೂರಲು ನೋಡಿದ. ಮೊದಲು ತಲೆ ಹಾಕಿದ, ಕಾಲು ಹೊರಗುಳಿಯಿತು. ಕಾಲು ಹಾಕಿದ, ತಲೆ ಹೊರಗುಳಿಯಿತು. ಅಂತೂ ಎಲ್ಲವನ್ನೂ ಒಳಗೆ ಸೇರಿಸಿದಾಗ ಸ್ಟೀರಿಂಗಿನ ಎರಡೂ ಕಡೆ ಕಿವಿಗಳಂತೆ ಮಂಡಿಗಳು ಎದ್ದವು.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಡಚೋ ಕುರ್ಚಿ ಕಣೋ ನೀನು! ಕ್ಲಚ್ ಯಾರು ಒತ್ತೋದು, ನಿಮ್ಮಮ್ಮನಾ?"

"ಅಭ್ಯಾಸ ಆಗುತ್ತೆ ಭಾವ."

ಸೋಮವಾರ ಬೆಳಿಗ್ಗೆ ಮಾವ ಬರುವ ಹೊತ್ತಿಗೆ ಕಡ್ಡಿ ಆಗಲೇ ಹಾಗೆ ಮಡಚಿಕೊಂಡು ಕೂತಿದ್ದ. ಇನ್ನೊಂದು ಗಾಡಿಯ ಕಡೆ ಹೊರಟಿದ್ದ ಮಾವ ನಿಂತರು, ಬಗ್ಗಿ ಕಿಟಕಿಯೊಳಗೆ ನೋಡಿದರು.

"ಏನೋ ಇದು? ನಿನ್ನನ್ನ ಯಾರು ಪ್ಯಾಕ್ ಮಾಡಿದ್ದು?"

"ನಿಮ್ಮ ಜಾಗ ಖಾಲಿ ಇದೆ ಮಾವ. ಪೆಟ್ಟಿಗೆ ನನ್ನ ಕಡೆ ಬಂತು. ಬನ್ನಿ, ಒರಗಿ."

"ಗಾಡಿ ಹೇಗೆ ಓಡಿಸ್ತೀಯ?"

"ಒತ್ತಿದ್ರೆ ಹೋಗುತ್ತೆ ಮಾವ."

ಮಾವ ನಗಲಿಲ್ಲ. "ಮೊದಲನೇ ತಿರುವಲ್ಲೇ ಇಬ್ಬರನ್ನೂ ಗುಂಡಿಗೆ ಹಾಕ್ತೀಯ. ಇಳಿ ಕೆಳಗೆ."

ಕಡ್ಡಿಯ ಮುಖ ಬಾಡಿತು. ಇಳಿಯುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು, ಕಾಲುಗಳನ್ನು ಒಂದೊಂದಾಗಿ ಹೊರಗೆ ಇಟ್ಟ. "ಹಾಗಾದ್ರೆ ಪೆಟ್ಟಿಗೆ ತೆಗೆದು ಬಿಸಾಕ್ತೀನಿ. ನೀವು ಮಾತ್ರ ಆ ಗಾಡಿಗೆ ಹೋಗ್ಬೇಡಿ. ಆಕಳಿಕೆ ಜೊತೆ ಇನ್ನೊಂದು ಮೆಟ್ಟಿಲು ಹತ್ತಿದ್ರೆ ನಾನು ಬದುಕಲ್ಲ."

"ಆಸೆಪಟ್ಟು ತಂದಿದ್ದನ್ನ ಯಾಕೋ ಬಿಸಾಕ್ತೀಯ, ಹುಚ್ಚಪ್ಪ." ಮಾವ ಡ್ರೈವರ್ ಸೀಟಿನ ಬೆನ್ನನ್ನು ಹಾಸಿಗೆ ನೋಡುವ ಕೈಯಿಂದ ಹಿಸುಕಿ ನೋಡಿದರು. "ಮರ ಒತ್ತಿದ್ರೆ ಹೋಗಲ್ಲ ಅಂತ ಈಗಲಾದ್ರೂ ಗೊತ್ತಾಯ್ತಾ? ಆದ್ರೆ ಇಷ್ಟು ದಪ್ಪ ಸ್ಪಂಜು ತುಂಬಿದಾರಲ್ಲ ಇದರಲ್ಲಿ. ನಿನ್ನ ಬೆನ್ನಿಗೆ ಇಷ್ಟು ಯಾಕೆ? ಬೆನ್ನು ಎಲ್ಲಿದೆ ನಿನಗೆ?"

ಅಂಗಡಿಯೊಳಗಿಂದ ಸ್ಪಂಜು ಕೊಯ್ಯುವ ಉದ್ದನೆಯ ಚೂರಿ ಬಂತು. ಮಾವ ಸೀಟಿನ ಹೊದಿಕೆ ಬಿಚ್ಚಿ, ಒಳಗಿನ ಸ್ಪಂಜನ್ನು ಒಂದೇ ಎಳೆತಕ್ಕೆ ಚೊಕ್ಕವಾಗಿ ಸೀಳಿ ತೆಗೆದರು. ಹೊದಿಕೆ ಮತ್ತೆ ಎಳೆದು ಕಟ್ಟಿದಾಗ ಸೀಟಿನ ಬೆನ್ನು ಕಡ್ಡಿಯ ಬೆನ್ನಿಗೆ ಜೋಡಿಯಂತಿತ್ತು. ಅವನು ಹತ್ತಿ ಕೂತ. ಮಂಡಿ ಸ್ಟೀರಿಂಗಿನ ಕೆಳಗೆ ಹೋಯಿತು, ಕಾಲು ಕ್ಲಚ್ ಒತ್ತಿತು, ಗೇರು ಬಿತ್ತು. ಬೆನ್ನೆಲುಬಿನ ಒಂದೊಂದು ಮಣಿಯೂ ಸೀಟಿನ ಕಬ್ಬಿಣದ ಸರಳಿಗೆ ತನ್ನ ಪರಿಚಯ ಹೇಳಿಕೊಂಡಿತು.

"ಹೇಗಿದೆಯೋ?" ಎಂದರು ಮಾವ.

"ಚೆನ್ನಾಗಿದೆ ಮಾವ. ಪರೀಕ್ಷೆಗೆ ಕೂತ ಹಾಗಿದೆ."

ಸೀಳಿ ತೆಗೆದ ಸ್ಪಂಜು ವ್ಯರ್ಥವಾಗಲಿಲ್ಲ. ಮಾವ ಅದನ್ನು ಒಂದು ಹಳೆಯ ದಿಂಬಿನ ಚೀಲಕ್ಕೆ ತುಂಬಿ ತಮ್ಮ ಸೊಂಟದ ಹಿಂದೆ ಇಟ್ಟುಕೊಂಡರು, ಹಳೆಯ ದಿಂಬು ಕುತ್ತಿಗೆಗೆ ಹೋಯಿತು. ಇನ್ನೊಂದು ಗಾಡಿ ಆಕಳಿಕೆಯನ್ನು ಹತ್ತಿಸಿಕೊಂಡು ಹೊರಟಿತು. ಊರಿಗೆಲ್ಲ ಮೆತ್ತನೆಯ ನಿದ್ದೆ ಹಂಚುವ ಗಾಡಿಯಲ್ಲಿ, ಊರಿನಲ್ಲೇ ಅತ್ಯಂತ ಗಟ್ಟಿಯಾದ ಆಸನದ ಮೇಲೆ ಕೂತು ಕಡ್ಡಿ ಗೇಟು ದಾಟಿದ.

"ಹಾಡು ಹಾಕೋದಿಲ್ವಾ?"

ಹಾಕಿದ. ವೂಫರ್ ಈಗ ಅವನ ಬೆನ್ನಿಗೇ ನೇರವಾಗಿ ಗುದ್ದಿತು, ನಡುವೆ ಅಡ್ಡಬರಲು ಸ್ಪಂಜು ಇರಲಿಲ್ಲ. ಮೊದಲ ತಿರುವು ಬರುವುದರೊಳಗೆ ಪಕ್ಕದಲ್ಲಿ ಗೊರಕೆ ಎದ್ದಿತು. ಪಲ್ಲವಿ ಕೇಳಿಸಿತು, ಚರಣ ಹೋಯಿತು. ಕಡ್ಡಿ ಕೈ ಚಾಚಿ, ಜೋರು ಮಾಡಲು ಹೋದವನು, ಮಾವನ ಮುಖ ನೋಡಿ ಅರ್ಧಕ್ಕರ್ಧ ತಗ್ಗಿಸಿದ. ಗಾಡಿಯೊಳಗಿನ ಅದುರು ಕಡಿಮೆಯಾಗಲಿಲ್ಲ. ಪೂರ್ತಿ ತಗ್ಗಿಸಿ ನೋಡಿದ. ಕನ್ನಡಿ ಇನ್ನೂ ಸಣ್ಣಗೆ, ಗೊರಕೆಯ ತಾಳಕ್ಕೆ ಸರಿಯಾಗಿ, ಅದುರುತ್ತಲೇ ಇತ್ತು.