ಗೋಡೆಯ ಮೇಲೆ ತಲೆಕೆಳಗಾದ ಅವ್ವ

ಗೆಳೆಯರೇ, ಇವತ್ತು ನರೋಣಾದ ನಮ್ಮ ಶಾಲೆಯಲ್ಲಿ ಒಂದನೇ ತರಗತಿಗೆ ಬೆಳಕಿನ ಪಾಠ ಮಾಡಿದೆ. ಕೋಣೆಗೆ ಕರೆಂಟಿಲ್ಲ. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಬಾಗಿಲಿನ ಸಣ್ಣ ತೂತಿನಿಂದ ಮಾತ್ರ ಬೆಳಕು ಬಿಟ್ಟೆ. ಹೊರಗಿನ ಬೇವಿನ ಮರ ಎದುರುಗೋಡೆಯ ಮೇಲೆ ತಲೆಕೆಳಗಾಗಿ ಮೂಡಿತು. ಮಕ್ಕಳು ಕುಣಿದಾಡಿದರು.

ಅಷ್ಟರಲ್ಲಿ, ಅದೇ ತರಗತಿಯಲ್ಲಿದ್ದ ತಮ್ಮ ಮಗಳು ಮರೆತ ಬುತ್ತಿ ಹಿಡಿದು ಶಾಂತವ್ವ ಅಂಗಳಕ್ಕೆ ಬಂದರು. ಗೋಡೆಯ ಮೇಲೆ ಅವರೂ ತಲೆಕೆಳಗೆ!

"ಅವ್ವಾ, ಬೀಳಾಕತ್ತೀ!" ಎಂದು ಚೀರಿದ ಮಗಳು ಹೊರಗೋಡಿ ಅವರ ಕಾಲು ಗಟ್ಟಿಯಾಗಿ ಹಿಡಿದುಕೊಂಡಳು.

"ಮಾಸ್ತರ್ರೀ, ಏನ್ ತೋರ್ಸಿ ಕೂಸಿನ್ ಅಂಜ್ಸೀರಿ?" ಶಾಂತವ್ವ ನನ್ನ ಮೇಲೆ ಹರಿಹಾಯ್ದರು.

"ಒಳಗ್ ಬಂದು ನೀವೇ ನೋಡ್ರಿ," ಎಂದು ಇಬ್ಬರನ್ನೂ ಒಳಗೆ ಕರೆದು ಮತ್ತೆ ಬಾಗಿಲು ಮುಚ್ಚಿದೆ.

ಅದೇ ಹೊತ್ತಿಗೆ ನಮ್ಮ ಹೆಡ್‌ಮಾಸ್ತರರು ಅಂಗಳ ದಾಟಿದರು. ಗೋಡೆ ನೋಡಿದ ಶಾಂತವ್ವ ಸೆರಗು ಬಾಯಿಗಿಟ್ಟು ನಕ್ಕರು. "ಇನ್ನೊಮ್ಮೆ ಹಾಯ್ದು ಹೋಗ್ಲಿಕ್ಕೆ ಹೇಳ್ರಿ ಅವ್ರಿಗೆ!"

ಗಂಟೆ ಬಾರಿಸಿದಾಗ ಮಕ್ಕಳೆಲ್ಲ ಓಡಿದರು. ಇನ್ನಷ್ಟು ಕಲಿಯಬೇಕೆಂದು ಕುಳಿತವರು ಶಾಂತವ್ವ ಒಬ್ಬರೇ.