ಸೀರೆ ಇಳಿದ ಮೇಲೆ

ನಾನು ದೊಡ್ಡಬಳ್ಳಾಪುರದಲ್ಲಿ ಮಗ್ಗಕ್ಕೆ ಕೂತಿದ್ದು ಯುದ್ಧದ ಕಾಲದಲ್ಲಿ. ನೇಕಾರರ ಜೊತೆ ಮಾತಾಡಿದರೆ ಎಲ್ಲಿ ನಾಲಿಗೆ ಸವೆದುಹೋಗುತ್ತದೋ ಅನ್ನುವ ಭಯ ನಮ್ಮ ಸಾಹುಕಾರರಿಗೆ. ಮುಂದಿನ ಪಡಸಾಲೆಯಲ್ಲಿ ದಿಂಬಿಗೊರಗಿ ಕೂತ ಆ ಮಹಾನುಭಾವರು, ಹತ್ತು ಮಾರು ಆಚೆಗಿದ್ದ ನಮಗೆ ಏನು ಹೇಳಬೇಕಾದರೂ ಮೇಸ್ತ್ರಿಯ ಬಾಯಲ್ಲೇ ಬರಬೇಕು. ನಾವು ಹೇಳುವುದೂ ಅವನ ಮೂಲಕವೇ ಹೋಗಬೇಕು. ಆ ಮೇಸ್ತ್ರಿಯೋ, ಸಾಹುಕಾರರು ಸೀನಿದರೆ ತಾನು ಮೂಗು ಒರೆಸಿಕೊಳ್ಳುವ ಆಸಾಮಿ.

ಇಬ್ಬರೂ ಸೇರಿ ಒಂದು ಕಟ್ಟಳೆ ಮಾಡಿದ್ದರು. ಮನೆಯಿಂದ ಎಂಥ ಸುದ್ದಿಯೇ ಬರಲಿ, ಮಗ್ಗದ ಮೇಲಿನ ಸೀರೆ ನೇಯ್ದು ಮುಗಿದು ಇಳಿಯುವ ತನಕ ನೇಕಾರನ ಕಿವಿಗೆ ಹಾಕಕೂಡದು. ಮನಸ್ಸು ಕೆಟ್ಟರೆ ನೇಯ್ಗೆ ಕೆಡುತ್ತದಂತೆ! ನಮಗೂ ಮನಸ್ಸೊಂದಿದೆ ಅಂತ ಅವರಿಗೆ ಹೊಳೆದದ್ದು ಇದಕ್ಕೆ ಮಾತ್ರ.

ನನ್ನ ಪಕ್ಕದ ಮಗ್ಗದವನು ತೂಬಗೆರೆಯವನು. ಯಾರ ಎಳೆ ಹರಿದರೂ ಮೊದಲು ಕೂಗಿ ಎಚ್ಚರಿಸುವವನು ಅವನೇ. ಅವನ ತಮಾಷೆಗೆ ನಗುತ್ತಲೇ ನಾವೆಲ್ಲ ಲಾಳಿ ಓಡಿಸುತ್ತಿದ್ದೆವು. ಒಂದು ಬೆಳಿಗ್ಗೆ ಅವನ ತಂಗಿಯ ಗಂಡ ಊರಿಂದ ನಡೆದು ಬಂದನಂತೆ.

“ನಮ್ಮತ್ತೆಗೆ ಕಾಯ್ಲೆ ಜಾಸ್ತಿ ಆಗ್ಯದೆ. ಮಗನ್ನೇ ಕೇಳ್ತಾವ್ರೆ, ಬೇಗ ಕಳ್ಸಿ ಸ್ವಾಮಿ.”

“ನಾನ್ ಹೇಳ್ತೀನಿ, ನೀ ನಡಿಯಪ್ಪಾ,” ಅಂತ ಮೇಸ್ತ್ರಿ ಅವನನ್ನು ಬಾಗಿಲಿಂದಲೇ ಸಾಗಹಾಕಿದ. ಒಳಗೆ ಬಂದು ಸೀರೆ ಎಷ್ಟು ಉಳಿದಿದೆ ಅಂತ ಬಗ್ಗಿ ನೋಡಿ, ಎಲೆಯಡಿಕೆ ಹಾಕಿಕೊಂಡ, ಪಾಪಿ! ಸೀರೆ ಇಳಿದದ್ದು ಸಂಜೆ. ಆಮೇಲೆ ಬಾಯಿಬಿಟ್ಟ.

ನಮ್ಮವನು ಚಪ್ಪಲಿ ಮೆಟ್ಟದೆ ಓಡಿದ. ಹೋಗುವಷ್ಟರಲ್ಲಿ ತಾಯಿಯ ಬಾಯಿಗೆ ಬೇರೆ ಯಾರೋ ನೀರು ಬಿಟ್ಟು, ಕಣ್ಣೂ ಮುಚ್ಚಿದ್ದರು. “ಬೆಳಗಿಂದ ಬಾಗ್ಲು ನೋಡ್ತಾನೇ ಇದ್ಲು ಕಣೋ,” ಅಂದರಂತೆ ನೆರೆಯವರು.

ತಿಥಿ ಮುಗಿಸಿ ಬಂದವನು ತುಟಿ ಎರಡು ಮಾಡಲಿಲ್ಲ. ನಮಗೂ ಮಾತು ಬೇಡವಾಯಿತು. ಪಕ್ಕದವನ ಎಳೆ ಹರಿದರೂ ಕಂಡೂ ಕಾಣದಂತೆ ಇರುತ್ತಿದ್ದೆವು. “ಈಗ ನೋಡಿ ಸ್ವಾಮಿ, ಏನು ಶಿಸ್ತು!” ಅಂತ ಮೇಸ್ತ್ರಿ ಜಂಬ ಕೊಚ್ಚಿದ. ಸಾಹುಕಾರರು ತಲೆದೂಗಿದರು. ಥೂ, ಇವರ ಶಿಸ್ತಿಗಿಷ್ಟು ಬೆಂಕಿ ಬೀಳ!

ಮುಂಗಾರಿನಲ್ಲಿ ಒಂದು ಮಧ್ಯಾಹ್ನ ಮೇಸ್ತ್ರಿ ಬೆಂಗಳೂರಿಗೆ ಹೋಗಿದ್ದ. ಜೋರು ಮಳೆ ಬಂತು. ಹಿತ್ತಲ ಮೋರಿ ಕಟ್ಟಿಕೊಂಡು, ಬಣ್ಣ ಹಾಕಿದ ರೇಷ್ಮೆಯಿಟ್ಟಿದ್ದ ಕೋಣೆಯ ಬಾಗಿಲಡಿ ನೀರು ನುಗ್ಗತೊಡಗಿತು. ದುಡ್ಡು ಕೊಟ್ಟರೂ ನೂಲು ಸಿಗದ ಕಾಲ ಅದು. ಎಲ್ಲರೂ ಕಂಡೆವು. ಹತ್ತು ಮಾರು ಆಚೆ ಸಾಹುಕಾರರು ಉಂಡು ತೇಗುತ್ತಿದ್ದರು. ಯಾರೂ ಏಳಲಿಲ್ಲ.

ರೇಷ್ಮೆಯ ಬಣ್ಣ ಕಲೆತು ಕೆಂಪಾದ ನೀರು ಪಡಸಾಲೆಗೇ ಹರಿದಾಗ ಅವರು ಪಂಚೆ ಎತ್ತಿಕೊಂಡು ಓಡಿಬಂದರು. ನಮ್ಮ ಮುಖ ನೋಡಿ ಅವರು ಮಾತಾಡಿದ್ದು ಅದೇ ಮೊದಲು.

“ಅಯ್ಯೋ ಹಾಳಾದೋರಾ, ಒಬ್ಬನಾದ್ರೂ ಬಂದು ಹೇಳಬಾರ್ದಿತ್ತೇನ್ರೋ?”

ತೂಬಗೆರೆಯವನು ಲಾಳಿ ನಿಲ್ಲಿಸಲಿಲ್ಲ.

“ಸೀರೆ ಇನ್ನೂ ಮಗ್ಗದ ಮೇಲದೆ ಸ್ವಾಮಿ,” ಅಂದ. “ಇಳೀಲಿ, ಹೇಳ್ತೀವಿ.”